ಮಗುವಿನ ಹೃದಯದ ಆಪರೇಷನ್‌ಗೆ ಹಣ ಎತ್ತುವುದು ಹೇಗೆ? (ತೀರ್ಥಹಳ್ಳಿ ಕಡೆ)

ಮಂಡಗದ್ದೆಯವ: ನಮ್ಮೂರಿನ ಎರಡು ವರ್ಷದ ಮಗುವಿಗೆ ಹೃದಯದಲ್ಲಿ ರಂಧ್ರ, ರಿಪೋರ್ಟಿನಲ್ಲಿ ವಿಎಸ್‌ಡಿ ಅಂತಿದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯವರು ಮೂರೂವರೆ ಲಕ್ಷ ಹೇಳಿದ್ದಾರೆ. ಅಪ್ಪನಿಗೆ ಅಡಿಕೆ ಕೊನೆ ಕೊಯ್ಯುವ ಕೆಲಸ, ಬಿಪಿಎಲ್ ಕಾರ್ಡಿದೆ. ಸಂಘದ ಹುಡುಗರು ಫೋಟೊ, ಫೋನ್‌ಪೇ ನಂಬರ್ ಹಾಕಿ ವಾಟ್ಸಾಪಿಗೆ ಬಿಡೋಣ ಅಂತಿದ್ದಾರೆ. ಸರಿಯಾ?

ತುಂಗೆಯ ದಡ: ಸ್ವಲ್ಪ ತಡೀರಿ ಮಾರಾಯ್ರೆ. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗಾದರೆ ಪ್ಯಾಕೇಜ್ ದರದ ಶೇ. 30 ಮಾತ್ರ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಹಿಡಿದು ಮೊದಲು ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಬರೆಸಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರಿಗೂ ತಿಳಿಸಿ, ಹುಟ್ಟಿನಿಂದ ಬಂದ ದೋಷ ಅವರ ಕೆಲಸದೊಳಗೇ ಬರುತ್ತದೆ.

ಕೆಲಸ ಕೆಡುವುದು ಕಾಗದದಲ್ಲಿ. ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸಿರುವುದಿಲ್ಲ, ಆಧಾರ್ ಮಾಡಿಸಿರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ, ಜನನ ಪ್ರಮಾಣಪತ್ರ ಹಿಡಿದು ಅಪ್ಪ ಇಲ್ಲವೇ ಅಮ್ಮ ತಮ್ಮ ಆಧಾರ್‌ನೊಂದಿಗೆ ಜೊತೆಗೆ ಹೋದರಾಯಿತು. ಇನ್ನೊಂದು, ಮಂಜೂರಾತಿ ಆಪರೇಷನ್‌ಗೆ ಮೊದಲೇ ಆಗಬೇಕು. ಕೈಯಿಂದ ಕಟ್ಟಿ ಆಮೇಲೆ ಬಿಲ್ ಕೊಡುತ್ತೇನೆ ಅಂದರೆ ನಡೆಯುವುದಿಲ್ಲ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು, ಅಂದರೆ ಯೋಜನೆಯ ಸಹಾಯಕ ಸಿಬ್ಬಂದಿಯನ್ನು, ಕೇಳಿ.

ಸಾಗರದಾಕೆ: ಎಷ್ಟು ವಾರ ಕಾಯಬಹುದು ಅಂತಲೂ ವೈದ್ಯರನ್ನೇ ಕೇಳಿ. ಸಣ್ಣ ರಂಧ್ರ ಕೆಲವೊಮ್ಮೆ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ತಡಮಾಡಿದಷ್ಟೂ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಮುಂದೆ ಆಪರೇಷನ್ನೇ ಮಾಡಲಾಗದ ಹಂತ ಬರಬಹುದು.

ಜನರ ಹತ್ತಿರ ಕೇಳುವುದು ಯೋಜನೆ ಭರಿಸದ್ದಕ್ಕೆ ಮಾತ್ರ ಇರಲಿ: ಓಡಾಟ, ಉಳಿಯುವ ಖರ್ಚು, ಆಮೇಲಿನ ತಪಾಸಣೆ, ಔಷಧಿ. ಆಸ್ಪತ್ರೆಯ ಬಿಲ್ಲಿಗೇ ಕೇಳುವುದಾದರೆ ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು, ದಿನಾಂಕ ಇರುವ ಎಸ್ಟಿಮೇಟ್ ಹಾಕಿ, ಹಣ ನೇರ ಆಸ್ಪತ್ರೆ ಖಾತೆಗೆ ಹೋಗಲಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಸ್ವಂತ ಖಾತೆಗೆ ಬಂದರೆ ಅಷ್ಟೂ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಇದು ಸಂಘದ ಹುಡುಗರಿಗೆ ಗೊತ್ತಿರುವುದಿಲ್ಲ. ಪೋಸ್ಟರ್ ವಾಟ್ಸಾಪಿನಲ್ಲಿ ಓಡಾಡುವಾಗ ಕ್ಯೂಆರ್ ಕೋಡನ್ನೇ ಬದಲಿಸುವವರಿದ್ದಾರೆ. ಖಾತೆದಾರರ ಹೆಸರು, ಕೊನೆಯ ದಿನಾಂಕ ದೊಡ್ಡದಾಗಿ ಬರೆಯಿರಿ.

ಮಂಡಗದ್ದೆಯವ: ಮಿಲಾಪ್, ಕೆಟ್ಟೊ ತರಹದ ಆನ್‌ಲೈನ್ ದೇಣಿಗೆ ಸಂಗ್ರಹದ ತಾಣಗಳಲ್ಲಿ ಹಾಕಿದರೆ? ಹಣ ಉಳಿದರೆ?

ಸಾಗರದಾಕೆ: ಹಾಕಬಹುದು, ಅವರೂ ದಾಖಲೆ ಕೇಳುತ್ತಾರೆ. ಶುಲ್ಕ ಎಷ್ಟು, ದಾನಿಗಳಿಂದ ಟಿಪ್ ಅಂತ ಬೇರೆ ಕೇಳುತ್ತಾರಾ, ಅದನ್ನು ಮೊದಲು ಓದಿ. ಉಳಿದದ್ದು ಯಾವ ಮಗುವಿಗೆ, ಯಾವ ಆಸ್ಪತ್ರೆಗೆ ಅಂತ ಮನವಿಯಲ್ಲೇ ಬರೆದುಬಿಡಿ. ಗುರಿ ಮುಟ್ಟಿದ ದಿನವೇ ನಂಬರ್ ತೆಗೆಸಿ, ಇಲ್ಲದಿದ್ದರೆ ಮುಂದಿನ ವರ್ಷವೂ ಅದೇ ಫೋಟೊ ತಿರುಗುತ್ತಿರುತ್ತದೆ.