ಅಪ್‌ಡೇಟ್: ಅವ್ವನಿಗೆ ನೀಕ್ಯಾಪ್ ಸಿಕ್ಕಿತು

ಮೊಣಕಾಲು ಸವೆದ ಅವ್ವನಿಗೆ ಎಂಥ ನೀಕ್ಯಾಪ್ (ಮೊಣಕಾಲಿಗೆ ಆಸರೆಯಾಗಿ ಹಾಕುವ ಕವಚ) ಒಳ್ಳೆಯದೆಂದು ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ ಸೂಪರ್ ಮಾರ್ಕೆಟ್ ಬಳಿ ಕೊಂಡೆವು. ನೀವು ಹೇಳಿದಂತೆ ಅವ್ವನನ್ನು ನಿಲ್ಲಿಸಿ, ಮೊಣಚಿಪ್ಪಿನ ನಡುವೆ ಟೇಪು ಸುತ್ತಿ ಅಳತೆ ತೆಗೆದು ಪೊಟ್ಟಣದ ಮೇಲಿನ ಸೈಜ್ ಪಟ್ಟಿಗೆ ಹೋಲಿಸಿದೆವು. ಒಂದು ಕಂಪನಿಯ ಲಾರ್ಜ್ ಇನ್ನೊಂದರ ಮೀಡಿಯಂ!

ರಬ್ಬರಿನಂಥ ನಿಯೋಪ್ರೀನ್ ಬಟ್ಟೆಯದು ಬೇಡವೆಂದೆ. 40 ಡಿಗ್ರಿ ದಾಟುವ ಕಲಬುರಗಿ ಬೇಸಿಗೆಯಲ್ಲಿ ಅದನ್ನು ತೊಡಿಸುವುದು ಶಿಕ್ಷೆಯೇ ಸರಿ. ಗಾಳಿಯಾಡುವ ಬಟ್ಟೆಯ, ವೆಲ್ಕ್ರೋ ಪಟ್ಟಿಯದನ್ನು ಆರಿಸಿದೆವು. ಬೆರಳು ಬಿಗಿದಿದ್ದರೂ ಅವ್ವ ತಾನೇ ಕಟ್ಟಿಕೊಳ್ಳುತ್ತಾಳೆ.

ಸಕ್ಕರೆ ಕಾಯಿಲೆ ಇರುವುದರಿಂದ ಮೊದಲೇ ವೈದ್ಯರನ್ನು ಕೇಳಿದ್ದೆವು. ಓಡಾಡುವಾಗ ಮಾತ್ರ ಹಾಕಿ, ಮಲಗುವಾಗ ಬಿಚ್ಚಿ, ಪಾದ ಬಾತರೆ ಅಥವಾ ಜುಮ್ಮೆಂದರೆ ತಕ್ಷಣ ತೆಗೆಯಿರಿ ಎಂದರು.

ನೋವು ಹೋಗಿಲ್ಲ. ಮೆಟ್ಟಿಲಿಳಿಯಲು ಧೈರ್ಯ ಬಂದಿದೆ. ಸೀರೆಯೊಳಗೆ ಕಾಣುವುದಿಲ್ಲವೆಂಬುದು ಅವಳಿಗೆ ಅದಕ್ಕಿಂತ ದೊಡ್ಡ ಸಮಾಧಾನ.