25 ಗ್ರಾಂ ಮೈಸ್‌ನಿಂದ 8 ಸಲ ಬ್ಲಡ್ ತೆಗೀಬಹುದಾ?

ಬಾಲ_ಹಿಡಿದವನು: ಎಂಫಾರ್ಮ್ ಫೈನಲ್ ಇಯರ್, ಫಾರ್ಮಕಾಲಜಿ. ಸ್ವಿಸ್ ಮೈಸ್‌ಗೆ ಒಂದು ಡ್ರಗ್ ಬಾಯಿಂದ ಒಂದು ಗ್ರೂಪು, ಐವಿ (ರಕ್ತನಾಳಕ್ಕೆ ಇಂಜೆಕ್ಷನ್) ಒಂದು ಗ್ರೂಪು ಕೊಟ್ಟು 24 ಗಂಟೇಲಿ 8 ಟೈಮ್ ಪಾಯಿಂಟ್ ಪ್ಲಾಸ್ಮಾದಲ್ಲಿ (ರಕ್ತದ ಕಣ ತೆಗೆದ ತಿಳಿ ಭಾಗ) ಡ್ರಗ್ ಲೆವೆಲ್ ನೋಡ್ಬೇಕು. ಸೀನಿಯರ್ಸ್ ಮಾಡ್ದಂಗೆ ಪಾಯಿಂಟ್‌ಗೆ 3ರಂತೆ ಗ್ರೂಪಿಗೆ 24 ಮೈಸ್ ಅಂತ ಫಾರ್ಮ್ ಬಿ (ಪ್ರಾಣಿ ಪ್ರಯೋಗಕ್ಕೆ ಪರ್ಮಿಷನ್ ಅರ್ಜಿ) ಹಾಕಿದ್ದೆ, ಎಥಿಕ್ಸ್ ಕಮಿಟಿಯವ್ರು ಮೈಕ್ರೋಸ್ಯಾಂಪ್ಲಿಂಗ್ (ಒಂದೇ ಇಲಿಯಿಂದ ಹಲವು ಸಲ ಹನಿ ರಕ್ತ ತೆಗೆಯೋದು) ಯಾಕೆ ಮಾಡ್ಬಾರ್ದು ಅಂತ ವಾಪಸ್ ಕಳ್ಸಿದಾರೆ. ಸಲಕ್ಕೆ 20 ಮೈಕ್ರೋಲೀಟರ್ ತೆಗೆದ್ರೆ ಇಲಿ ತಡ್ಕೊಳ್ಳುತ್ತಾ?

ಹಳೇ_ಪಿಕೆ: ತಡ್ಕೊಳ್ಳುತ್ತೆ, ಆದ್ರೆ ಅಂಚಲ್ಲಿದೀರ. ಕೆಜಿಗೆ ಸುಮಾರು 72 ಎಂಎಲ್ ರಕ್ತ ಅಂತ ಹಿಡಿದ್ರೆ ನಿಮ್ಮ ಇಲಿ ಮೈಯಲ್ಲಿರೋದೇ 1.8 ಎಂಎಲ್, ತೆಗೀಬಹುದಾದ ಮಿತಿ 10 ಪರ್ಸೆಂಟ್ ಅಂದ್ರೆ 180 ಮೈಕ್ರೋಲೀಟರ್, ನೀವು ತೆಗೆಯೋದು 160. ಇಲಿಗಳನ್ನ ಎರಡು ಸೆಟ್ ಮಾಡಿ, ಒಂದೊಂದು ಸೆಟ್ಟಿಂದ ಪಾಯಿಂಟ್ ಬಿಟ್ಟು ಪಾಯಿಂಟ್ 4 ಸಲ ಮಾತ್ರ ತೆಗೀರಿ. ಸೆಟ್ಟಿಗೆ 3 ಅಂದ್ರೂ ಗ್ರೂಪಿಗೆ 6ರಲ್ಲಿ ಮುಗೀತು.

ಕೈಕೆಲಸ ಹೇಳ್ತೀನಿ. ಬಾಲ ಸ್ವಲ್ಪ ಬೆಚ್ಚಗೆ ಮಾಡಿ, ಮೊದಲ ಹನಿ ಒರೆಸಿ, ಇಡಿಟಿಎ (ರಕ್ತ ಹೆಪ್ಪುಗಟ್ಟದಂಗೆ ಮಾಡೋದು) ಸವರಿದ ಕ್ಯಾಪಿಲರಿ, ಅಂದ್ರೆ ಸಣ್ಣ ಗಾಜಿನ ನಳಿಗೆ, ತಾಗಿಸಿದ್ರೆ ರಕ್ತ ತಾನೇ ಏರುತ್ತೆ. ಹಸು ಕೆಚ್ಚಲು ಹಿಂಡ್ದಂಗೆ ಬಾಲ ಹಿಂಡಬೇಡಿ, ಕೆಂಪು ಕಣ ಒಡೆದು ಪ್ಲಾಸ್ಮಾ ಎಲ್ಲಾ ರೋಸ್ ಮಿಲ್ಕ್ ಬಣ್ಣ ಆಗುತ್ತೆ. ಇನ್ನೊಂದು, ಐವಿ ಬಾಲಕ್ಕೆ ಚುಚ್ಚಿದ್ರೆ ಬ್ಲಡ್ ಬಾಲದಿಂದ ತೆಗೀಲೇಬೇಡಿ, ಕಾಲಿನ ಸಫೇನಸ್ ರಕ್ತನಾಳಕ್ಕೆ ಹೋಗಿ. ನಾನು ಒಂದ್ಸಲ ಎರಡೂ ಬಾಲದಲ್ಲೇ ಮಾಡಿ, ಚುಚ್ಚಿದ ಜಾಗದಲ್ಲಿ ಉಳಿದಿದ್ದ ಡ್ರಗ್ಗೇ ಸ್ಯಾಂಪಲ್‌ಗೆ ಬಂದು ಮೊದಲ ಪಾಯಿಂಟ್ ಆಕಾಶಕ್ಕೆ ಹೋಗಿತ್ತು, ಮೂರು ದಿನ ಕ್ಯಾಲ್ಕುಲೇಷನ್ನೇ ತಪ್ಪು ಅನ್ಕೊಂಡು ಕೂತಿದ್ದೆ 😅

ಪೀಕ್_ಮೇಡಂ: ಎಲ್ಲಾ ಸರಿ ಸರ್, ಆದ್ರೆ ಡ್ರಗ್ ಅಳೆಯೋ ಮೆಷಿನ್ ಯಾವ್ದು ಅಂತ ಯಾರೂ ಕೇಳ್ಲಿಲ್ವಲ್ಲ. 20 ರಕ್ತ ಸ್ಪಿನ್ ಮಾಡಿದ್ರೆ ಪಿಪೆಟ್‌ಗೆ ಸಿಗೋ ಪ್ಲಾಸ್ಮಾ 8 ಮೈಕ್ರೋಲೀಟರ್ ಆದ್ರೆ ಪುಣ್ಯ.

ಬಾಲ_ಹಿಡಿದವನು: ಎಚ್‌ಪಿಎಲ್‌ಸಿ ಯುವಿ (ಡ್ರಗ್ ಬೇರ್ಪಡಿಸಿ ಯುವಿ ಬೆಳಕಲ್ಲಿ ಅಳೆಯೋದು) ಮೇಡಂ. ಮೆಥಡ್ 100 ಮೈಕ್ರೋಲೀಟರ್ ಪ್ಲಾಸ್ಮಾದ್ದು.

ಪೀಕ್_ಮೇಡಂ: ಹಂಗಾದ್ರೆ ಕಷ್ಟ ಕಣಪ್ಪ. 100 ಇದ್ದಿದ್ದು 5 ಆದ್ರೆ, ಮಿಕ್ಕಿದ್ದೆಲ್ಲ ಹಂಗೇ ಇದ್ರೆ, ಅಳೆಯಬಹುದಾದ ಕನಿಷ್ಠ ಲಿಮಿಟ್ಟು ಹೆಚ್ಚುಕಮ್ಮಿ 20 ಪಟ್ಟು ಮೇಲೆ ಹೋಗುತ್ತೆ, 8ನೇ ಗಂಟೆ ಆದ್ಮೇಲೆ ಪೀಕೇ ಕಾಣ್ದೇ ಇರಬಹುದು. ಎಲ್‌ಸಿ-ಎಂಎಸ್ (ಮಾಸ್ ಸ್ಪೆಕ್ಟ್ರೋಮೀಟರ್ ಇರೋ, ಇನ್ನೂ ಸೂಕ್ಷ್ಮ ಮೆಷಿನ್) ಎಲ್ಲಿದೆ ನೋಡಿ. ಆ ಮೆಷಿನ್‌ನಲ್ಲಾದ್ರೆ 5 ಪ್ಲಾಸ್ಮಾಗೆ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಗೊತ್ತಿರೋ ಅಳತೆಯ ಇನ್ನೊಂದು ಕಾಂಪೌಂಡ್) ಹಾಕಿದ ಅಸಿಟೋನೈಟ್ರೈಲ್ ಸಾಲ್ವೆಂಟ್ ಸುರಿದು ಪ್ರೋಟೀನ್ ಇಳಿಸಿ ಮೇಲಿನ ನೀರು ಹಾಕಿದ್ರೆ ಸಾಕಾಗುತ್ತೆ.

ಕಾರ್ಡ್_ಪ್ರೇಮಿ: ಸ್ಪಿನ್ನೇ ಬೇಡ, ಫಿಲ್ಟರ್ ಪೇಪರ್ ಮೇಲೆ ಹನಿ ಒಣಗಿಸಿ ಗುರು. ಫ್ರೀಜರ್ ಜಾಗನೂ ಉಳಿಯುತ್ತೆ.

ಪೀಕ್_ಮೇಡಂ: ಆಗ ಸಿಗೋದು ಬ್ಲಡ್ ಲೆವೆಲ್ಲು, ಪ್ಲಾಸ್ಮಾದಲ್ಲ. ಡ್ರಗ್ ಕೆಂಪು ಕಣದೊಳಗೆ ಎಷ್ಟು ಕೂರುತ್ತೆ ಅಂತ ಮೊದಲು ನೋಡ್ಬೇಕು, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಬದಲಾದ್ರೆ ಹನಿ ಹರಡೋದೂ ಬದಲಾಗುತ್ತೆ. ಎಂಫಾರ್ಮ್ ಟೈಮಲ್ಲಿ ಅದೆಲ್ಲ ಆಗಲ್ಲ.

ಬಾಲ_ಹಿಡಿದವನು: ಥ್ಯಾಂಕ್ಸ್ ಎಲ್ರಿಗೂ. ಹೊರಗಡೆ ಎಲ್‌ಸಿ-ಎಂಎಸ್‌ಗೆ ಸ್ಯಾಂಪಲ್ ಲೆಕ್ಕದಲ್ಲಿ ದುಡ್ಡು ಕೇಳ್ತಾರೆ. ನಾಳೆ ಗೈಡ್ ಕಾಫಿ ಕುಡಿದ್ಮೇಲೆ ಮೂಡ್ ನೋಡ್ಕೊಂಡು ಮಾತು ಎತ್ತುತೀನಿ.