ಕೋಳಿ ಕಾವು ಕೊಟ್ಟ ಬಾತು ಮರಿಗಳಿಗೆ ಈಜು ಹೇಳಿಕೊಟ್ಟವರು ಯಾರು?

ಶಹಾಪುರದವ
ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರ ಹಳ್ಳಿ. ಕಾಲುವೆ ನೀರಿದೆ, ಭತ್ತ ಹಾಕುತ್ತೇವೆ. ಕೊಯ್ಲಾದ ಮೇಲೆ ಗದ್ದೆಯಲ್ಲಿ ಬಾತುಕೋಳಿ ಮೇಯಿಸಲು ಬಂದಿದ್ದವರ ಹತ್ತಿರ ಒಂಬತ್ತು ಮೊಟ್ಟೆ ತಗೊಂಡು, ಕಾವಿಗೆ ಕೂತಿದ್ದ ನಮ್ಮ ಹೇಂಟೆಯ ಕೆಳಗೆ ಸುಮ್ನೆ ಇಟ್ಟು ನೋಡಿದೆ. ಕೋಳಿ ಮೊಟ್ಟೆಯಾದರೆ 21 ದಿನ, ಇವು ಪೂರ್ತಿ 28 ದಿನ ತಗೊಂಡವು, ಪಾಪ ಅಷ್ಟೂ ದಿನ ಅದು ಕೂತೇ ಇತ್ತು. ಆರು ಮರಿ ಆದವು. ಹೇಂಟೆ ಎಲ್ಲಿ ಹೋದರೂ ಹಿಂದೆ ಸಾಲಾಗಿ ಹೋಗುತ್ತಿದ್ದವು.

ಮೊನ್ನೆ ದನ ನೀರು ಕುಡಿಯುವ ಬಾನಿ ತುಂಬಿ ಹರಿದು ಪಕ್ಕದ ತಗ್ಗಿನಲ್ಲಿ ನೀರು ನಿಂತಿತ್ತು. ಆರೂ ಮರಿ ಅದರೊಳಗೆ ಹೋಗಿ ಬಿದ್ದವು! ತಲೆ ಮುಳುಗಿಸುತ್ತವೆ, ಬಾಲ ಅಲ್ಲಾಡಿಸುತ್ತವೆ, ಹಬ್ಬ ಅವಕ್ಕೆ. ಹೇಂಟೆ ಮಾತ್ರ ಗರಿ ಕೆದರಿಕೊಂಡು ದಂಡೆ ಮೇಲೆ ಆ ಕಡೆಯಿಂದ ಈ ಕಡೆ ಓಡಿ ಕೂಗಿ ಕೂಗಿ ಸಾಕಾಯ್ತು. ಒಂದೂ ತಿರುಗಿ ನೋಡಲಿಲ್ಲ. ಸಂಜೆ ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಾಗೆ ಅದರ ರೆಕ್ಕೆ ಕೆಳಗೇ ಸೇರಿಕೊಂಡವು.

ಅವ್ವ, "ಮೀನಿನ ಮರಿಗೆ ಈಜು ಕಲಿಸಬೇಕೇನು" ಅಂದು ಸುಮ್ಮನಾದಳು. ನನ್ನ ತಲೆ ಮಾತ್ರ ಬಿಡುತ್ತಿಲ್ಲ. ಈಜು ಹುಟ್ಟಿನಿಂದಲೇ ಬಂತು ಅಂದುಕೊಳ್ಳೋಣ. ಹಾಗಾದರೆ ತಾಯಿ ಯಾರು ಅನ್ನೋದು ಮಾತ್ರ ಹುಟ್ಟಿನಿಂದ ಯಾಕೆ ಗೊತ್ತಿರಲಿಲ್ಲ? ಕೋಳಿಯನ್ನ ಯಾಕೆ ನಂಬಿದವು?

ಭೀಮಾ ದಂಡೆ
ಇದರಲ್ಲಿ ಏನಿದೆ ತಮ್ಮಾ, ಎಲ್ಲಾ ರಕ್ತದಲ್ಲೇ ಇರುತ್ತೆ. ನಮ್ಮ ನಾಟಿ ಕೋಳಿಯ ಮೂಲ ಕಾಡುಕೋಳಿ, ಊರ ಬಾತಿನ ಮೂಲ ಕೆರೆಯ ಕಾಡು ಬಾತು. ಎರಡೂ ಬೇರೆಯಾಗಿದ್ದು ಡೈನೋಸಾರ್ ಇದ್ದ ಕಾಲದಲ್ಲಿ. ಜೀನಿನಲ್ಲಿ ಬರೆದಿದ್ದನ್ನ ಕೋಳಿ ಅಳಿಸೋಕೆ ಆಗುತ್ತಾ?

ಕಲಬುರಗಿ ಮೇಷ್ಟ್ರು
ಭೀಮಾ ಅಣ್ಣ ಹೇಳಿದ್ದು ಅರ್ಧ ಸರಿ. ಬಾತು ಮರಿಗೆ ಕಾಲಲ್ಲಿ ಪೊರೆ ಇದೆ, ಮೈತುಂಬ ಒತ್ತಾದ ತುಪ್ಪಳ ಇದೆ, ನೀರು ಕಂಡರೆ ಇಳಿಯುತ್ತದೆ. ಅದಕ್ಕೆ ಪಾಠ ಬೇಕಿಲ್ಲ. ಆದರೆ ತಾಯಿಯ ರೂಪ ಮೊದಲೇ ತಲೆಯಲ್ಲಿ ಇರುವುದಿಲ್ಲ. ಮೊಟ್ಟೆಯಿಂದ ಬಂದ ಮೊದಲ ಗಂಟೆಗಳಲ್ಲಿ ಕಣ್ಣೆದುರು ಓಡಾಡಿದ್ದು ಯಾವುದೋ ಅದರ ಬೆನ್ನು ಹತ್ತುತ್ತವೆ. ಅಮೆರಿಕದ ಹೆಸ್ ಅನ್ನೋ ವಿಜ್ಞಾನಿ ಕಾಡು ಬಾತಿನ ಮರಿಗಳಲ್ಲಿ ಅಳೆದು ನೋಡಿದಾಗ 13ರಿಂದ 16ನೇ ಗಂಟೆಯ ನಡುವೆ ಈ ಅಂಟು ಎಲ್ಲಕ್ಕಿಂತ ಗಟ್ಟಿಯಾಗಿತ್ತು. ಕೊನ್ರಾಡ್ ಲೊರೆಂಟ್ಸ್ ಅಂತ ಆಸ್ಟ್ರಿಯಾದ ವಿಜ್ಞಾನಿ ಇದ್ದರು, 1973ರಲ್ಲಿ ಅವರಿಗೆ ನೊಬೆಲ್ ಬಂತು. ಮೊದಲು ಕಂಡಿದ್ದು ಅವರನ್ನೇ ಅಂತ ಹೆಬ್ಬಾತಿನ ಮರಿಗಳು ಅವರ ಹಿಂದೆಯೇ ಸುತ್ತುತ್ತಿದ್ದವು. ನಿಮ್ಮಲ್ಲಿ ಆ ಜಾಗದಲ್ಲಿ ಹೇಂಟೆ ಇತ್ತು, ಅಷ್ಟೇ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಇನ್ನೊಂದು ಪ್ರಯೋಗ. ಕಾಡು ಬಾತಿನ ಕರೆ, ಕೋಳಿಯ ಕರೆ ಎರಡನ್ನೂ ಕೇಳಿಸಿದರೆ, ಯಾವ ತಾಯಿಯ ದನಿಯನ್ನೂ ಕೇಳದೆ ಕಾವು ಕೊಡುವ ಯಂತ್ರದಲ್ಲಿ ಹುಟ್ಟಿದ ಬಾತು ಮರಿ ಕೂಡ ಬಾತಿನ ಕರೆಯ ಕಡೆಗೇ ಹೋಗುತ್ತದೆ. ಎಲ್ಲರೂ ಇದನ್ನು ಹುಟ್ಟುಗುಣ ಅಂದುಬಿಟ್ಟಿದ್ದರು. ಗಿಲ್ಬರ್ಟ್ ಗಾಟ್ಲೀಬ್ ಅನ್ನೋ ವಿಜ್ಞಾನಿ ಮಾತ್ರ ಒಪ್ಪಲಿಲ್ಲ. ಚಿಪ್ಪು ಒಡೆಯೋಕೆ ಎರಡು ಮೂರು ದಿನ ಮೊದಲೇ ಮರಿ ಒಳಗಿಂದ ಕಿಚಿಕಿಚಿ ಅನ್ನಲು ಶುರು ಮಾಡುತ್ತದೆ. ಅವರು ಮೊಟ್ಟೆಯ ಚಿಪ್ಪನ್ನು ಸ್ವಲ್ಪ ತೆಗೆದು, ಮರಿಯ ದನಿಪೊರೆಗೆ ಅಂಟು ಬಳಿದು ದನಿ ಬಾರದ ಹಾಗೆ ಮಾಡಿದರು, ಒಂಟಿಯಾಗಿ ಇಟ್ಟರು. ಹುಟ್ಟಿದ ಮೇಲೆ ಆ ಮರಿಗಳಿಗೆ ಬಾತಿನ ಕರೆ ಯಾವುದು, ಕೋಳಿಯ ಕರೆ ಯಾವುದು ಅಂತ ಸರಿಯಾಗಿ ಆರಿಸಲು ಆಗಲಿಲ್ಲ! ಅಂದರೆ ಮರಿ ಚಿಪ್ಪಿನೊಳಗೆ ತನ್ನ ದನಿ ತಾನೇ ಕೇಳಿಕೊಂಡು ಕಿವಿ ಹದ ಮಾಡಿಕೊಳ್ಳುತ್ತಿತ್ತು. ಈಗ ಹೇಳಿ ಅಣ್ಣ, ಇದು ಜೀನಾ, ಕಲಿಕೆನಾ? ನನಗೆ ಆ ಪ್ರಶ್ನೆಯೇ ತಪ್ಪು ಅನ್ನಿಸುತ್ತದೆ.

ನಿಮ್ಮ ಹೇಂಟೆ ಅಷ್ಟು ಕೂಗಿದರೂ ಮರಿಗಳು ಯಾಕೆ ಬರಲಿಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು. ಕಣ್ಣಿಗೆ ಅದು ತಾಯಿ. ಕಿವಿಗೆ ಅಷ್ಟಾಗಿ ಅಲ್ಲ.

ಭೀಮಾ ದಂಡೆ
ಮೊಟ್ಟೆಯೊಳಗೆ ಶಾಲೆ! ಸೋತೆ ಮೇಷ್ಟ್ರೇ. ಆದರೂ ಕೇಳ್ತೀನಿ, 21 ದಿನಕ್ಕೆ ಏಳಬೇಕಿದ್ದ ಕೋಳಿ 28 ದಿನ ಹೇಗೆ ಕೂತಿತು?

ಕಲಬುರಗಿ ಮೇಷ್ಟ್ರು
ಅದು ದಿನ ಎಣಿಸುವುದಿಲ್ಲ ಅಣ್ಣ. ಹೊಟ್ಟೆಗೆ ಮೊಟ್ಟೆ ತಾಗುತ್ತಿರುವವರೆಗೂ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಇಳಿಯುವುದಿಲ್ಲ, ಕಾವೂ ಇಳಿಯುವುದಿಲ್ಲ. ಮರಿ ಹೊರಬಂದ ಮೇಲೆ ಮನಸ್ಸು ಆ ಕಡೆ ತಿರುಗುತ್ತದೆ. ಅದಕ್ಕೇ ಕೋಳಿ ಮೊಟ್ಟೆ, ಬಾತು ಮೊಟ್ಟೆ ಒಟ್ಟಿಗೆ ಇಡುವವರು ಬಾತಿನದನ್ನು ಒಂದು ವಾರ ಮೊದಲೇ ಇಡಬೇಕು. ಇಲ್ಲಾಂದರೆ ಕೋಳಿ ಮರಿ ಕರೆದುಕೊಂಡು ಎದ್ದು ಹೋಗಿಬಿಡುತ್ತದೆ.

ಬೀದರ್ ಅಕ್ಕ
ಥಿಯರಿ ಚೆನ್ನಾಗಿದೆ, ನಾನು ಮನೆ ಮಾತು ಹೇಳ್ತೀನಿ. ನಾನೂ ಹೀಗೇ ಸಾಕಿ ಪೇಚಿಗೆ ಬಿದ್ದವಳು. ದೊಡ್ಡವಾದ ಮೇಲೆ ಗಂಡು ಬಾತುಗಳು ಹೆಣ್ಣು ಬಾತನ್ನ ಬಿಟ್ಟು ಕೋಳಿಗಳ ಬೆನ್ನು ಹತ್ತಿದವು. ಒಂದು ಹೇಂಟೆಗೆ ಗಾಯ ಆಗಿ ಸತ್ತೇ ಹೋಯ್ತು. ಹುಂಜಕ್ಕೆ ಇಲ್ಲದ ಅಂಗ ಗಂಡು ಬಾತಿಗೆ ಇದೆ, ಕೋಳಿಗೆ ಒಳಗೆ ಪೆಟ್ಟಾಗುತ್ತದೆ. ನಾಚಿಕೆ ಪಟ್ಟು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳ್ತಿದೀನಿ.

ಕಲಬುರಗಿ ಮೇಷ್ಟ್ರು
ಅಕ್ಕ ಹೇಳಿದ್ದಕ್ಕೂ ಸಂಶೋಧನೆ ಇದೆ. 1960ರ ದಶಕದಲ್ಲಿ ಜರ್ಮನಿಯ ಶುಟ್ಸ್ ಕಾಡು ಬಾತಿನ ಮರಿಗಳನ್ನು ಬೇರೆ ಜಾತಿಯ ಹಕ್ಕಿಗಳ ಜೊತೆ ಬೆಳೆಸಿದ್ದರು. ಗಂಡುಗಳಲ್ಲಿ ತುಂಬಾ ಮಂದಿ ಮುಂದೆ ಸಾಕಿದ ಜಾತಿಯನ್ನೇ ಜೋಡಿಗೆ ಹುಡುಕಿದವು. ಹೆಣ್ಣುಗಳು ಹೆಚ್ಚಾಗಿ ತಮ್ಮ ಜಾತಿಯ ಗಂಡಿನ ಕಡೆಗೇ ಹೋದವು. ಕಾಡು ಬಾತಿನ ಗಂಡಿಗೆ ಹೊಳೆಯುವ ಹಸಿರು ತಲೆ ಇದೆಯಲ್ಲ, ಅದನ್ನ ಗುರುತಿಸೋಕೆ ಹೆಣ್ಣಿಗೆ ತಾಯಿಯ ನೆನಪು ಬೇಕಾಗುವುದಿಲ್ಲ ಅಂತ ಕಾಣುತ್ತದೆ.

ಶಹಾಪುರದವ
ಅಯ್ಯೋ, ಇದು ಗೊತ್ತಿರಲಿಲ್ಲ ಅಕ್ಕಾ. ಗಂಡು ಯಾವುದು ಅಂತ ಈಗಲೇ ಗೊತ್ತಾಗುತ್ತಾ? ಮರಿಗೆ ಇನ್ನೂ ಹನ್ನೆರಡು ದಿನ.

ಬೀದರ್ ಅಕ್ಕ
ಈಗ ಗೊತ್ತಾಗಲ್ಲ. ಒಂದೂವರೆ ಎರಡು ತಿಂಗಳಿಗೆ ದನಿ ಕೇಳು. ಹೆಣ್ಣು ಜೋರಾಗಿ ಕ್ವಾಕ್ ಅನ್ನುತ್ತದೆ, ಗಂಡಿಗೆ ಗಂಟಲು ಕಟ್ಟಿದ ಹಾಗೆ. ಆಮೇಲೆ ಗಂಡಿನ ಬಾಲದ ಮೇಲೆ ಎರಡು ಮೂರು ಗರಿ ಸುರುಳಿ ಸುತ್ತುತ್ತವೆ. ಕಂಡ ತಕ್ಷಣ ಬೇರೆ ಮಾಡು. ಇನ್ನೊಂದು, ಬಾನಿಗೆ ಇಳಿಯದ ಹಾಗೆ ನೋಡಿಕೋ. ಗೋಡೆ ನೆಟ್ಟಗಿದ್ದರೆ ಹತ್ತಿ ಬರಲಾಗದೆ ದಣಿದು ಮುಳುಗುತ್ತವೆ, ಬಾತು ಮರಿ ಮುಳುಗಲ್ಲ ಅನ್ನೋದು ಸುಳ್ಳು.

ಶಹಾಪುರದವ
ಬಾನಿಯೊಳಗೆ ಮೆಟ್ಟಿಲಿನ ಹಾಗೆ ನಾಲ್ಕು ಕಲ್ಲು ಇಟ್ಟೆ. ಮೇಷ್ಟ್ರು ಬರೆದಿದ್ದನ್ನ ಅವ್ವನಿಗೆ ಓದಿ ಹೇಳಿದೆ. "ಒಡೆಯೋ ಎರಡು ದಿನ ಮುಂಚೆ ಮೊಟ್ಟೆ ಕಿವಿಗೆ ಹಿಡಿದು, ಒಳಗೆ ಮಾತಾಡ್ತಾವ ಅಂದಿದ್ದೆ, ನೀನು ನಕ್ಕಿದ್ದಿ" ಅಂದಳು. ನಕ್ಕಿದ್ದು ನಿಜ.